ಅಪ್ಪ ದೇವರಿಗೆ ಚಾಡಿ ಹೇಳುತ್ತಾರೆ

(ಈ ಪ್ರಕರಣವನ್ನು ಕುಟುಂಬದ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಉದ್ಯೋಗ, ವಯಸ್ಸು ಮತ್ತು ಕೆಲವು ಸಂದರ್ಭಗಳನ್ನು ಬದಲಾಯಿಸಿದ್ದೇನೆ.)

ಹುಡುಗನಿಗೆ 11 ವರ್ಷ. ಮೂರು ತಿಂಗಳಿಂದ ದಿನವೂ ರಾತ್ರಿ ಎಂಟರ ಸುಮಾರಿಗೆ ಹೊಟ್ಟೆನೋವು. ಬೀದರಿನಲ್ಲಿ ಇಬ್ಬರು ಮಕ್ಕಳ ವೈದ್ಯರು ನೋಡಿದ್ದರು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಯಾವುದರಲ್ಲೂ ದೋಷ ಕಾಣಲಿಲ್ಲ. ಎರಡನೆಯ ವೈದ್ಯರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಕಳುಹಿಸಿದರು.

ತಾಯಿ ನರ್ಸ್, ಪಾಳಿಯ ಮೇಲೆ ಕೆಲಸ. ತಂದೆ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ, ಚರ್ಚಿನ ಸಭೆಯಲ್ಲಿ ಹೆಸರಿರುವ ಭಕ್ತ. ಜೊತೆಗೆ ಹುಮನಾಬಾದ್ ಕಡೆಯ ಹಳ್ಳಿಯಿಂದ ಬಂದ ಅಜ್ಜಿ ಮತ್ತು ಏಳು ವರ್ಷದ ತಂಗಿ. ಅಜ್ಜನ ಕಾಲದಿಂದಲೂ ಮೆಥೋಡಿಸ್ಟ್ ಪಂಥದ ಕ್ರೈಸ್ತ ಮನೆತನ.

"ಎಂಟು ಗಂಟೆಗೆ ಮನೆಯಲ್ಲಿ ಏನು ನಡೆಯುತ್ತದೆ?" ಎಂದು ಕೇಳಿದೆ. "ಕುಟುಂಬ ಪ್ರಾರ್ಥನೆ, ಮೇಡಂ" ಎಂದು ತಾಯಿ ಹೇಳಿದರು. ತಂದೆಯ ಮುಖ ಗಂಭೀರವಾಯಿತು. "ಪ್ರಾರ್ಥನೆಯಿಂದ ಯಾರಿಗಾದರೂ ಹೊಟ್ಟೆನೋವು ಬರುತ್ತದೆಯೇ?" ಎಂದರು.

ಹುಡುಗನೊಬ್ಬನನ್ನೇ ಕೂರಿಸಿಕೊಂಡು ಮಾತನಾಡಿಸಿದಾಗ ಮೊದಲ ಭೇಟಿಯಲ್ಲಿ ಅವನು ಏನೂ ಹೇಳಲಿಲ್ಲ. ಎರಡನೆಯ ಭೇಟಿಯಲ್ಲಿ ಮನೆಯ ಚಿತ್ರ ಬಿಡಿಸುತ್ತಾ, ತಲೆ ಎತ್ತದೆಯೇ ಹೇಳಿದ: "ಅಪ್ಪ ನನ್ನ ಮೇಲೆ ದೇವರಿಗೆ ಚಾಡಿ ಹೇಳುತ್ತಾರೆ."

ಆಮೇಲೆ ಒಂದೊಂದೇ ಹೊರಬಂತು. ಒಂದು ದಿನ ಎಣ್ಣೆ ತರಲು ಅಂಗಡಿಗೆ ಹೋದವನು ಉಳಿದ 40 ರೂಪಾಯಿಯನ್ನು ಇಟ್ಟುಕೊಂಡು ಚೆಂಡು ಕೊಂಡಿದ್ದ, ಕೇಳಿದಾಗ ದುಡ್ಡು ಬಿದ್ದುಹೋಯಿತು ಎಂದಿದ್ದ. ಸುಳ್ಳು ಬಯಲಾಯಿತು. ಆ ವಾರ ಅವರ ಮನೆಯಲ್ಲೇ ಪ್ರಾರ್ಥನಾ ಕೂಟವಿತ್ತು. ನೆರೆಹೊರೆಯವರು, ಅವರ ಮಕ್ಕಳೆಲ್ಲ ಕುಳಿತಿದ್ದರು. ತಂದೆ ಮೊಣಕಾಲೂರಿ, ಕಣ್ಣೀರು ಹಾಕುತ್ತಾ, "ಕರ್ತನೇ, ಈ ನನ್ನ ಮಗನ ಕಳ್ಳತನವನ್ನೂ ಸುಳ್ಳನ್ನೂ ಕ್ಷಮಿಸು" ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ಮುಂದಿನ ಭಾನುವಾರ ಚರ್ಚಿನ ಸಂಡೇ ಸ್ಕೂಲಿನಲ್ಲಿ ಅವನಿಗೆ "ಕಳ್ಳ" ಎಂಬ ಹೆಸರು ಬಿದ್ದಿತ್ತು. ಅಂದಿನಿಂದ ರಾತ್ರಿಯ ಪ್ರಾರ್ಥನೆಯಲ್ಲಿ ಅಂಕ ಕಡಿಮೆ ಬಂದದ್ದು, ತಂಗಿಯನ್ನು ಹೊಡೆದದ್ದು, ಬೈಬಲ್ ವಚನ ಬಾಯಿಪಾಠವಾಗದ್ದು ಎಲ್ಲವೂ ಕಣ್ಣು ಮುಚ್ಚಿದ ಮನೆಮಂದಿಯ ನಡುವೆ ದೇವರಿಗೆ ವರದಿಯಾಗುತ್ತಿತ್ತು.

ಈ ತಂದೆಯನ್ನು ನಾನು ಕೆಟ್ಟವರೆಂದು ಒಂದು ಕ್ಷಣವೂ ಭಾವಿಸಲಿಲ್ಲ. "ನಾನು ಮಗನ ಮೇಲೆ ಒಂದು ದಿನವೂ ಕೈ ಎತ್ತಿಲ್ಲ" ಎಂದರು. ಅದು ನಿಜ. ಅವರ ತಂದೆ ಬೆಲ್ಟಿನಿಂದ ಹೊಡೆಯುತ್ತಿದ್ದರಂತೆ. ತನ್ನ ಮಕ್ಕಳಿಗೆ ಹಾಗೆ ಮಾಡುವುದಿಲ್ಲ ಎಂದು ಮದುವೆಗೆ ಮೊದಲೇ ನಿಶ್ಚಯಿಸಿದ್ದರು, ಆ ಮಾತನ್ನು ಉಳಿಸಿಕೊಂಡಿದ್ದರು. ಆದರೆ ಸಿಟ್ಟು, ಭಯ, ಅವಮಾನ ಎಲ್ಲಿಗೆ ಹೋಗಬೇಕು? ಅವು ಪ್ರಾರ್ಥನೆಯೊಳಗೆ ದಾರಿ ಮಾಡಿಕೊಂಡಿದ್ದವು. ಬೈದರೆ ಮಗು ಎದುರುತ್ತರ ಕೊಡಬಹುದು, ಅಳಬಹುದು, ಓಡಿಹೋಗಬಹುದು. ಪ್ರಾರ್ಥನೆಗೆ ಎದುರುತ್ತರವಿಲ್ಲ. ಕೈ ಮುಗಿದು, ಕಣ್ಣು ಮುಚ್ಚಿ, ಕೊನೆಯಲ್ಲಿ "ಆಮೆನ್" ಎಂದು ಅವನೇ ಹೇಳಬೇಕು. ಆ ಮಗುವಿನ ಹೊಟ್ಟೆಯಲ್ಲದೆ ಇನ್ನಾವುದು ಪ್ರತಿಭಟಿಸಬೇಕಿತ್ತು?

ಆಪ್ತಸಲಹೆಗಾರರು ಬೋಧನೆ ಮಾಡಬಾರದು ಎಂಬುದು ನಮ್ಮ ವೃತ್ತಿಯ ನಿಯಮ. ಆದರೆ ಈ ತಂದೆ ಒಪ್ಪುವುದು ಗ್ರಂಥವನ್ನು, ನಾನೂ ಅದನ್ನೇ ಓದಿ ಬೆಳೆದವಳು. ಆದ್ದರಿಂದ ಅವರ ಕೈಯಲ್ಲೇ ಬೈಬಲ್ ಕೊಟ್ಟು, ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ಓದಿಸಿದೆ. ಯೇಸು ಹೇಳಿದ ಆ ಕಥೆಯಲ್ಲಿ, ಆಸ್ತಿ ಹಾಳುಮಾಡಿ ಬಂದ ಮಗ ದಾರಿಯುದ್ದಕ್ಕೂ ಒಂದು ಅರಿಕೆಯನ್ನು ಸಿದ್ಧಮಾಡಿಕೊಂಡಿದ್ದಾನೆ. ಕೊನೆಯ ಮಾತು, ನನ್ನನ್ನು ಕೂಲಿಯಾಳಾಗಿ ಇಟ್ಟುಕೊ ಎಂಬುದು. ಅದನ್ನು ಹೇಳುವುದಕ್ಕೆ ಮುಂಚೆಯೇ ತಂದೆ ಆಳುಗಳ ಕಡೆಗೆ ತಿರುಗಿ ಬಟ್ಟೆ, ಉಂಗುರ, ಜೋಡು ತರಿಸುತ್ತಾನೆ. "ಆಳುಗಳ ಮುಂದೆ ತಂದೆ ಮಗನ ಪಾಪಗಳನ್ನು ಎಲ್ಲಿ ಹೇಳುತ್ತಾನೆ, ತೋರಿಸಿ" ಎಂದೆ. ಅವರು ಎರಡು ಸಲ ಓದಿದರು. ಅಧ್ಯಾಯದಲ್ಲಿ ಆ ಪಟ್ಟಿಯನ್ನು ಎತ್ತಿ ಆಡುವವನು ಒಬ್ಬನೇ, ಒಳಗೆ ಬರಲು ಒಪ್ಪದ ಹಿರಿಯ ಮಗ. ಅವರು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತರು. ಬೈಬಲಿನಲ್ಲೇ, ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದ ಪತ್ರದಲ್ಲಿ ಪೌಲನು, ಮಕ್ಕಳು ಮನಗುಂದದಂತೆ ಅವರನ್ನು ಕೆಣಕಬೇಡಿ ಎಂದು ತಂದೆಯರಿಗೇ ಹೇಳಿರುವುದನ್ನು ನಾನು ನೆನಪಿಸಲಿಲ್ಲ. ಮನಗುಂದಿದ ಮಗು ಹೊರಗಿನ ಬೆಂಚಿನಲ್ಲೇ ಕುಳಿತಿತ್ತು.

ನಾನು ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ಇದು: ಮಗನ ತಪ್ಪನ್ನು ಮಗನೊಂದಿಗೆ, ಒಬ್ಬನೇ ಇರುವಾಗ, ಹಗಲಿನಲ್ಲಿ ಮಾತನಾಡಿ ಮುಗಿಸಬೇಕು. ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಪ್ಪನ್ನು ಮಾತ್ರ ಅರಿಕೆ ಮಾಡಬೇಕು. ಅಪ್ಪನ ಬಾಯಲ್ಲಿ "ನಾನು ಇವತ್ತು ಸಿಟ್ಟಾದೆ, ಕ್ಷಮಿಸು" ಎಂಬ ಮಾತನ್ನು ಮಗು ಕೇಳಬೇಕು. ಪಾಪವನ್ನು ಅರಿಕೆ ಮಾಡುವುದು ಹೇಗೆಂದು ಮಗು ಕಲಿಯುವುದು ಹಾಗೆಯೇ. ಪ್ರಾರ್ಥನೆ ಹತ್ತು ನಿಮಿಷ ಸಾಕು. ಕೆಲವು ವಾರ ಹುಡುಗ ಗಟ್ಟಿಯಾಗಿ ಪ್ರಾರ್ಥಿಸಬೇಕಾಗಿಲ್ಲ, ಅಜ್ಜಿಯ ಪಕ್ಕ ಸುಮ್ಮನೆ ಕುಳಿತರೆ ಸಾಕು. ಅಮ್ಮನಿಗೆ ಹೇಳಿದ್ದು: ನೋವಿನ ಮಾತ್ರೆ ಕೊಡುವುದನ್ನು ನಿಲ್ಲಿಸಿ, ನೋವು ಸುಳ್ಳು ಎಂದೂ ಹೇಳಬೇಡಿ.

ಮಗನ ಬಳಿ ಕ್ಷಮೆ ಕೇಳಿ ಎಂದೂ ಹೇಳಿದೆ. "ಆದರೆ ನೀನೂ..." ಎಂಬ ಬಾಲ ಅದಕ್ಕಿರಬಾರದು. ಅವಮಾನ ಕೂಟದಲ್ಲಿ ಆಗಿದ್ದರಿಂದ ಕೂಟದಲ್ಲೇ ಒಂದು ಮಾತು ಹೇಳಿದರೆ ಒಳ್ಳೆಯದು ಎಂದೂ ಸೂಚಿಸಿದೆ. ಅದು ನನ್ನ ತಪ್ಪು ಅಂದಾಜು. ಹುಡುಗನನ್ನು ಕೇಳಿದಾಗ, "ಮತ್ತೆ ಎಲ್ಲರ ಮುಂದೆ ಅದೇ ಮಾತು ಬೇಡ" ಎಂದ. ಅವನ ಮಾತೇ ಸರಿ, ಅದನ್ನು ಕೈಬಿಟ್ಟೆವು. ಸಂಡೇ ಸ್ಕೂಲಿನ ಶಿಕ್ಷಕಿಯ ಜೊತೆ ತಾಯಿ ಸದ್ದಿಲ್ಲದೆ ಮಾತನಾಡಿದರು.

ಆ 40 ರೂಪಾಯಿ? ಅದನ್ನು ಮರೆತುಬಿಡಿ ಎಂದು ನಾನು ಹೇಳಲಿಲ್ಲ. ಕದ್ದದ್ದು ಕದ್ದದ್ದೇ. ಬೈಬಲಿನ ಸುಂಕದವ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸಿದನಲ್ಲವೇ ಎಂದು ತಂದೆ ಕೇಳಿದರು. ನಿಜ, ಆದರೆ ಆ ಲೆಕ್ಕವನ್ನು ಹಾಕಿದವನು ಜಕ್ಕಾಯನೇ. ಯೇಸು ಅವನ ಮನೆಗೆ ಅತಿಥಿಯಾಗಿ ಹೋದನೇ ಹೊರತು ದಂಡ ವಿಧಿಸಲಿಲ್ಲ. ಹೇಗೆ ತೀರಿಸುತ್ತೀಯ ಎಂದು ಹುಡುಗನನ್ನೇ ಕೇಳಲಾಯಿತು. ಅವನು ನಾಲ್ಕು ವಾರ ಅಂಗಡಿಯ ಸಾಮಾನು ತರುವ ಕೆಲಸ ಆರಿಸಿಕೊಂಡ. ದುಡ್ಡು ಮತ್ತೆ ಅವನ ಕೈಗೇ ಕೊಡಬೇಕು, ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯಬೇಕು. ತಂದೆಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು.

ಬಾಯಿಪಾಠದ ವಿಷಯದಲ್ಲೂ ಮಾತಾಯಿತು. ಬಾಯಿಪಾಠ ಬೇಡ ಎನ್ನುವವಳಲ್ಲ ನಾನು. ಓದು ಬಾರದ ಹುಡುಗನ ಅಜ್ಜಿಗೆ "ಯೆಹೋವನು ನನಗೆ ಕುರುಬನು" ಎಂಬ ಕೀರ್ತನೆ ಪೂರ್ತಿ ಬರುತ್ತದೆ. ರೊಟ್ಟಿ ತಟ್ಟುತ್ತಾ ಹೇಳುತ್ತಾರೆ, ಮೊದಲ ಎರಡು ರೊಟ್ಟಿ ಕಸ ಒಯ್ಯುವ ಹೆಂಗಸಿಗೆ. ಮನೆಯಲ್ಲಿ ದೇವರು ಯಾರಿಗೆ ಚೆನ್ನಾಗಿ ಗೊತ್ತು ಎಂದು ನಾನು ಕೇಳಿದಾಗ ಹುಡುಗ ತಟ್ಟನೆ "ಅಜ್ಜಿಗೆ" ಎಂದಿದ್ದ. ಬೈಬಲಿನ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ಮಕ್ಕಳಿಗೆ ಕಲಿಸಬೇಕೆಂದು ಹೇಳುವುದು ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಅಲ್ಲಿ ಪರೀಕ್ಷೆಯ ಮಾತಿಲ್ಲ.

ಮೆಥೋಡಿಸ್ಟ್ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿಯ ತಾಯಿ ಸುಸನ್ನಾ 19 ಮಕ್ಕಳನ್ನು ಹೆತ್ತವರು, ಬದುಕಿ ಬೆಳೆದವರು 10. ಸಾಲಸೋಲದ ಆ ಮನೆಯಲ್ಲೂ ಆಕೆ ವಾರದ ಸಂಜೆಗಳನ್ನು ಮಕ್ಕಳಿಗೆ ಹಂಚಿ, ಒಬ್ಬೊಬ್ಬರೊಡನೆ ಬೇರೆಯಾಗಿ ಕೂತು ಮಾತನಾಡುತ್ತಿದ್ದರು. ಜಾನ್‌ಗೆ ಗುರುವಾರ. ದೊಡ್ಡವನಾದ ಮೇಲೂ ಆತ ತಾಯಿಗೆ ಬರೆದ ಪತ್ರದಲ್ಲಿ ಆ ಗುರುವಾರದ ಸಂಜೆಯನ್ನು ನೆನೆದ. ಆಕೆ ಶಿಸ್ತಿನಲ್ಲಿ ಬಲು ಕಠಿಣ, ಮಗುವಿನ ಹಟವನ್ನು ಮೊದಲೇ ಮುರಿಯಬೇಕು ಎಂದವರು. ಅದನ್ನು ನಾನು ಒಪ್ಪುವುದಿಲ್ಲ, ಗುರುವಾರವನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಈ ತಂದೆ ಶನಿವಾರವನ್ನು ಆರಿಸಿಕೊಂಡರು. ಅಪ್ಪ ಮಗ ಬೀದರಿನ ಹಳೆಯ ಕಾವಲು ಗೋಪುರ ಚೌಬಾರಾದವರೆಗೆ ಸೈಕಲ್ ತಳ್ಳಿಕೊಂಡು ಹೋಗಿ ಬರುವುದು, ಉಪದೇಶವಿಲ್ಲ. ಮೂರನೆಯ ಶನಿವಾರ, ತನ್ನ ಅಪ್ಪನ ಬೆಲ್ಟಿನ ಕಥೆಯನ್ನು ಮಗನಿಗೆ ಹೇಳಿದರಂತೆ.

ನವೆಂಬರಿನಲ್ಲಿ ಕುಟುಂಬ ತೆಲಂಗಾಣದ ವಿಕಾರಾಬಾದ್ ಬಳಿ ಮೆಥೋಡಿಸ್ಟರು ನಡೆಸುವ ಧಾರೂರು ಜಾತ್ರೆಗೆ ಹೋಗಿ ಬಂತು. ಆ ದಿನಗಳಲ್ಲಿ ಹೊಟ್ಟೆನೋವು ಬರಲಿಲ್ಲ. ಮನೆಗೆ ಬಂದ ಮೇಲೆ ಎರಡು ಸಲ ಬಂತು. ಸಂಡೇ ಸ್ಕೂಲಿನಲ್ಲಿ ಅವನು ಇನ್ನೂ ಹಿಂದಿನ ಸಾಲಿನಲ್ಲೇ ಕೂರುತ್ತಾನೆ. ಭೇಟಿಗಳನ್ನು ನಿಲ್ಲಿಸಿಲ್ಲ, ತಿಂಗಳಿಗೊಮ್ಮೆ ಬರಲು ಹೇಳಿದ್ದೇನೆ.

ಕಳೆದ ಸಲ ಬಂದಾಗ ಹುಡುಗ ಲೆಕ್ಕದ ನೋಟ್‌ಬುಕ್ ತಂದಿದ್ದ. ತೊಗರಿಬೇಳೆ, ಬೆಲ್ಲ, ಸೋಪು, ಅಜ್ಜಿಯ ಎಲೆ ಅಡಿಕೆ. ಕೊನೆಯ ಸಾಲಿನಲ್ಲಿ "5 ರೂಪಾಯಿ ಕಡಿಮೆ. ಎಲ್ಲಿ ಹೋಯಿತೋ ಗೊತ್ತಿಲ್ಲ" ಎಂದು ಬರೆದಿದ್ದ. ಅದರ ಕೆಳಗೆ ತಂದೆಯ ಸಹಿ ಇತ್ತು. "ಅಪ್ಪ ಏನು ಕೇಳಿದರು?" ಎಂದೆ. "ಏನೂ ಕೇಳಲಿಲ್ಲ, ಸಹಿ ಮಾಡಿದರು" ಎಂದು ನೋಟ್‌ಬುಕ್ಕನ್ನು ಚೀಲದೊಳಗೆ ಇಟ್ಟುಕೊಂಡ.