ಅಪ್‌ಡೇಟ್ ಅಂದರೆ ಅಲ್ಲೇ ತಿದ್ದುವುದಲ್ಲ

ನಮಸ್ಕಾರ. ಕಾಫಿ ತೋಟದ ಟಿಪ್ಪಣಿಗಳನ್ನು ಪಠ್ಯ ಹುಡುಕುವ ಸಾಫ್ಟ್‌ವೇರ್ ಲೈಬ್ರರಿಯಾದ ಲೂಸೀನ್‌ಗೆ ಹಾಕಿ ಹುಡುಕುವ ಬಗ್ಗೆ ನೀವು ಮೂಡಿಗೆರೆಯಿಂದ ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಉದಾಹರಣೆಗಳು ನಮ್ಮ ಕಡೆಯವೇ. ಹೊಗಳಿಕೆ ಇಷ್ಟು ಸಾಕು ಅಲ್ವಾ? ಎರಡನೇ ಪುಟ ಓದುವಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಡಗ್ ಕಟಿಂಗ್ 1999ರಲ್ಲಿ ಲೂಸೀನ್ ಬರೆದ ಕತೆಗೆ ಒಂದು ಪುಟ ಕೊಟ್ಟಿದ್ದೀರಿ. ದಾಖಲೆ ಬದಲಾಯಿಸುವುದಕ್ಕೆ ಒಂದೇ ಸಾಲು: 'ಅಪ್‌ಡೇಟ್‌ಡಾಕ್ಯುಮೆಂಟ್ ಹಳೆಯ ದಾಖಲೆಯನ್ನು ಅಲ್ಲೇ ತಿದ್ದುತ್ತದೆ.' ಇಲ್ಲ, ತಿದ್ದುವುದಿಲ್ಲ. ಹುಡುಕಲು ಕಟ್ಟಿಟ್ಟ ಪಟ್ಟಿಯ (ಇಂಡೆಕ್ಸಿನ) ಒಂದೊಂದು ತುಂಡೂ ಒಂದು ಸೆಗ್ಮೆಂಟ್. ಒಮ್ಮೆ ಬರೆದ ಸೆಗ್ಮೆಂಟನ್ನು ಲೂಸೀನ್ ಮತ್ತೆ ಮುಟ್ಟುವುದಿಲ್ಲ. ಹಳೆಯ ದಾಖಲೆಗೆ 'ಅಳಿಸಿದೆ' ಅಂತ ಗುರುತು ಹಾಕಿ, ಹೊಸದನ್ನು ಬೇರೆ ಕಡೆ ಬರೆಯುತ್ತದೆ. ಮುಂದೆ ಸೆಗ್ಮೆಂಟುಗಳು ಒಂದಾಗಿ ಸೇರಿದಾಗಷ್ಟೇ ಆ ಜಾಗ ಬಿಡುಗಡೆ. ನಮ್ಮಪ್ಪನ ಲೆಕ್ಕದ ಪುಸ್ತಕವೂ ಹೀಗೇ ಇತ್ತು. ತಪ್ಪಾದ ಸಾಲಿಗೆ ಗೀಟು, ಸರಿಯಾದದ್ದು ಕೊನೆಯಲ್ಲಿ.

ಸುಮ್ನೆ ಪದ ಹಿಡಿದು ಜಗಳ ತೆಗೆಯುತ್ತಿಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ನಿಮ್ಮ ಕೋಡ್ ಕೆಟ್ಟಿದೆ. 14ನೇ ಸಾಲು ನೋಡಿ. ಟಿಪ್ಪಣಿಯ ಗುರುತಾದ ಐಡಿಯನ್ನು ಪದಗಳಾಗಿ ಒಡೆಯುವ ಟೆಕ್ಸ್ಟ್‌ಫೀಲ್ಡ್ ಮಾಡಿದ್ದೀರಿ. ಹಾಗಾಗಿ 'ಸಿಕೆಎಂ-417' ಅನ್ನುವುದು ಪಠ್ಯ ಒಡೆಯುವ ಸ್ಟ್ಯಾಂಡರ್ಡ್ ಅನಲೈಸರ್ ಕೈಗೆ ಸಿಕ್ಕಿ 'ಸಿಕೆಎಂ', '417' ಅಂತ ಎರಡು ಚೂರಾಗುತ್ತದೆ. 22ನೇ ಸಾಲಿನಲ್ಲಿ ಅಪ್‌ಡೇಟ್‌ಗೆ ಕೊಟ್ಟಿರುವ ಟರ್ಮ್ (ಯಾವ ದಾಖಲೆ ಅಳಿಸಬೇಕು ಅಂತ ಹುಡುಕುವ ಪದ) ಮಾತ್ರ ಇಡೀ 'ಸಿಕೆಎಂ-417'. ಟರ್ಮನ್ನು ಯಾರೂ ಒಡೆಯುವುದಿಲ್ಲ, ಇದ್ದ ಹಾಗೇ ಹುಡುಕುತ್ತದೆ, ಅಂಥದ್ದು ಇಂಡೆಕ್ಸಿನಲ್ಲಿ ಇಲ್ಲವೇ ಇಲ್ಲ, ಅಂದಮೇಲೆ ಏನೂ ಅಳಿಯುವುದಿಲ್ಲ, ಹೊಸದು ಮಾತ್ರ ಬಂದು ಕೂರುತ್ತದೆ. ಒಂದು ಎರರ್ ಕೂಡ ಬರುವುದಿಲ್ಲ! ಅಲ್ಲಿ ಸ್ಟ್ರಿಂಗ್‌ಫೀಲ್ಡ್ ಇರಬೇಕಿತ್ತು, ಅದು ಐಡಿಯನ್ನು ಒಡೆಯದೆ ಇಡಿಯಾಗಿ ಇಡುತ್ತದೆ. (ಬರೆದದ್ದನ್ನು ಡಿಸ್ಕಿನಲ್ಲಿ ಖಾಯಂ ಮಾಡುವ ಕಮಿಟ್ ಲೂಪಿನ ಒಳಗಿದೆ, ಅದನ್ನೂ ಹೊರಗೆ ತನ್ನಿ. ಪ್ರತಿ ದಾಖಲೆಗೂ ಕಮಿಟ್ ಮಾಡಿದರೆ ಡಿಸ್ಕಿಗೆ ಸುಮ್ಮನೆ ದುಡಿತ.)

ಇಷ್ಟು ಖಚಿತವಾಗಿ ಹೇಗೆ ಹೇಳುತ್ತಿದ್ದೇನೆ ಅಂದರೆ, ಇದೇ ತಪ್ಪು ನಾನೂ ಮಾಡಿದ್ದೇನೆ. ಹಾಸನದ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಕಲಿಯುತ್ತಿದ್ದೆ. ಹಳೆಯ ಪತ್ರಗಳನ್ನು ಹುಡುಕುವ ವ್ಯವಸ್ಥೆ ನನ್ನ ಪಾಲಿಗೆ ಬಂತು. ದಿನಾ ರಾತ್ರಿ ಎಲ್ಲ ಪತ್ರಗಳನ್ನೂ ಅಪ್‌ಡೇಟ್ ಮಾಡುವ ಹಾಗೆ ಬರೆದು, ಗೆದ್ದೆ ಅಂದುಕೊಂಡು ಮನೆಗೆ ಹೋದೆ. ವಾರ ಕಳೆಯುವಷ್ಟರಲ್ಲಿ ಒಂದೊಂದು ಪತ್ರವೂ ಏಳೇಳು ಸಲ ಕಾಣಿಸತೊಡಗಿತು. ನಾನು ಜಾಣತನ ತೋರಿಸಿ, ತೆರೆಯ ಮೇಲೆ ಎರಡನೆಯದನ್ನು ಕಾಣದಂತೆ ಮಾಡುವ ಕೋಡ್ ಬರೆದೆ. ಹಿರಿಯರೊಬ್ಬರು ಬಂದು ನೋಡಿದರು. ಬೈಯಲಿಲ್ಲ. 'ಒಳಗೆ ಎಷ್ಟಿವೆ ಅಂತ ಎಣಿಸಿ ನೋಡಿದ್ಯೇನಯ್ಯಾ?' ಅಂದರು, ಕಾಫಿ ಕುಡಿಯಲು ಹೋದರು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ನಿಮ್ಮ ಲೇಖನದಲ್ಲೂ ಎಣಿಸಿದ ಗುರುತೇ ಇಲ್ಲ. ನಿಮ್ಮ 240 ಟಿಪ್ಪಣಿಗಳನ್ನು ಖಾಲಿ ಇಂಡೆಕ್ಸಿಗೆ ಎರಡು ಸಲ ಹಾಕಿ, ನಮ್‌ಡಾಕ್ಸ್ (ಅಳಿಸದೆ ಉಳಿದ ದಾಖಲೆಗಳ ಎಣಿಕೆ) ಕೇಳಿ. ಈಗಿನ ಕೋಡಿನಲ್ಲಿ 480 ಬರುತ್ತದೆ. 14ನೇ ಸಾಲು ಸರಿಮಾಡಿ, ಮತ್ತೆ ಖಾಲಿ ಇಂಡೆಕ್ಸಿನಿಂದ ಶುರುಮಾಡಿ ಎರಡು ಸಲ ಓಡಿಸಿ. 240 ಬಂದರೆ ಆ ಎರಡೂ ಸಂಖ್ಯೆಗಳನ್ನು ಲೇಖನದೊಳಗೇ ಹಾಕಿ ಕಳಿಸಿ. ಕಟಿಂಗ್ ಕತೆಯನ್ನು ಅರ್ಧಕ್ಕೆ ಇಳಿಸಿದರೆ ಜಾಗ ಸಾಲುತ್ತದೆ.