‘ಗುಡ್ ನೈಟ್, ಆಸ್ಕರ್’ ನಾಟಕ ನಿಜವಾಗಿ ನಡೆದ ಕಥೆಯಾ? ಮಡಿಕೇರಿಯಲ್ಲಿ ಆಡಿಸಬಹುದಾ?

ಮನುಷ್ಯ ನಿಜ, ಟಿವಿ ಶೋ ನಿಜ. ನಾಟಕದಲ್ಲಿ ಬರುವ ಆ ಒಂದು ರಾತ್ರಿ ಮಾತ್ರ ಬಹುಪಾಲು ನಾಟಕಕಾರ ಡಗ್ ರೈಟ್ ಕಟ್ಟಿದ್ದು.

ಆಸ್ಕರ್ ಲೆವಂಟ್ (1906–1972) ಅಮೆರಿಕದ ಪಿಯಾನೋ ವಾದಕ, ನಟ, ಮಾತಿನ ಮಲ್ಲ. ಜಾಕ್ ಪಾರ್ ನಡೆಸುತ್ತಿದ್ದ ತಡರಾತ್ರಿಯ ಟಿವಿ ಹರಟೆ ಕಾರ್ಯಕ್ರಮ ‘ಟುನೈಟ್ ಶೋ’ಗೆ ಹಲವು ಸಲ ಬಂದಿದ್ದರು. ಮಾತ್ರೆಯ ಚಟ, ಮಾನಸಿಕ ಆಸ್ಪತ್ರೆಯ ವಾಸ, ಎಲ್ಲವನ್ನೂ ಕ್ಯಾಮೆರಾ ಮುಂದೆಯೇ ತಮಾಷೆ ಮಾಡುತ್ತಿದ್ದರು. ಆ ಕಾಲದಲ್ಲಿ ಅದು ಸಣ್ಣ ಧೈರ್ಯ ಅಲ್ಲ ಬಿಡಿ. ನಾಟಕ ಇದನ್ನೆಲ್ಲ 1958ರ ಒಂದೇ ರಾತ್ರಿಗೆ ತುರುಕುತ್ತದೆ: ಹೆಂಡತಿ ಜೂನ್ ಆಸ್ಪತ್ರೆಯಿಂದ ನಾಲ್ಕು ಗಂಟೆಯ ರಜೆ ಕೊಡಿಸಿ ಸ್ಟುಡಿಯೋಗೆ ಕರೆತರುತ್ತಾಳೆ. ಎಂದೋ ತೀರಿಕೊಂಡ ಗೆಳೆಯ, ಸಂಗೀತ ಸಂಯೋಜಕ ಜಾರ್ಜ್ ಗರ್ಶ್ವಿನ್ ಕಣ್ಣೆದುರು ಬಂದು ಕಾಡುತ್ತಾನೆ. ಅದಂತೂ ಕಲ್ಪನೆಯೇ ಅಲ್ವಾ!

ಇನ್ನು ಮಡಿಕೇರಿ. ಮೊದಲು ಹಕ್ಕುದಾರರ ಅನುಮತಿ ಬೇಕು. ಆದರೆ ಅದಕ್ಕಿಂತ ದೊಡ್ಡ ತಲೆನೋವು ಪಿಯಾನೋ. ಅಷ್ಟು ಹೊತ್ತು ನಡುಗುತ್ತಿದ್ದ ಆಸ್ಕರ್‌ನ ಕೈ, ಕೊನೆಯ ಭಾಗದಲ್ಲಿ ಕೀಲಿಗಳ ಮೇಲೆ ಬಿದ್ದು ಗರ್ಶ್ವಿನ್ನರ ‘ರಾಪ್ಸಡಿ ಇನ್ ಬ್ಲೂ’ ನುಡಿಸಬೇಕು. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಆಸ್ಕರ್ ಪಾತ್ರ ಮಾಡಿದ ನಟ ಶಾನ್ ಹೇಯ್ಸ್ ಅದನ್ನು ತಾವೇ ನುಡಿಸುತ್ತಿದ್ದರು, 2023ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿಯನ್ನೂ ಪಡೆದರು. ಸುಮ್ನೆ ರೆಕಾರ್ಡ್ ಹಾಕಿ ಬೆರಳು ಆಡಿಸಿದರೆ ನಾಟಕವೇ ಸತ್ತುಹೋಗುತ್ತದೆ, ನನ್ನ ಪ್ರಕಾರ. ಒಂದು ಪಿಯಾನೋ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನಮ್ಮ ಜುಲೈ ಮಳೆಯ ತೇವಕ್ಕೆ ಮರ ಉಬ್ಬಿ, ಶ್ರುತಿ ತಪ್ಪಿ, ಒತ್ತಿದ ಕೀಲಿ ಮೇಲೆ ಬರದೆ ಕೂರಬಹುದು. ಜನವರಿ ನಂತರ ಯೋಚಿಸಿ.