ವಿದೇಶಿ ಕಂಪನಿಗಳು ಸಂಶೋಧನಾ ಕೇಂದ್ರಗಳನ್ನು ಭಾರತದಂಥ ದೇಶಗಳಲ್ಲಿ ತೆರೆಯೋದು ಸಂಬಳ ಕಡಿಮೆ ಅಂತಲೇ?

ಅದೂ ಒಂದು ಕಾರಣ, ನಿಜ. ಆದರೆ ಅದೊಂದೇ ಆಗಿದ್ದರೆ 1985ರಲ್ಲಿ ಬೆಂಗಳೂರಿಗೆ ಬಂದ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಸಂಬಳ ಏರಿದ ಮೇಲೆ ಗಂಟುಮೂಟೆ ಕಟ್ಟಬೇಕಿತ್ತು. ಇಂದಿಗೂ ಅಲ್ಲೇ ಇದೆ. ಪಳಗಿದ ಎಂಜಿನಿಯರುಗಳು ಒಂದೇ ಊರಲ್ಲಿ ಸಾವಿರಗಟ್ಟಲೆ ಸಿಗುತ್ತಾರಲ್ಲ.

ನನಗೆ ಇನ್ನೂ ದೊಡ್ಡದು ಅನ್ನಿಸುವ ಕಾರಣ, ಬಳಸುವವರ ಹತ್ತಿರ ಇರುವುದು. ಅಮೆರಿಕದ ಜಿಇ ಕಂಪನಿಯ ಬೆಂಗಳೂರು ಕೇಂದ್ರದಲ್ಲಿ ಮ್ಯಾಕ್ 400 ಎಂಬ, ಹೃದಯ ಪರೀಕ್ಷೆಯ ಇಸಿಜಿ ಯಂತ್ರ ತಯಾರಾಯಿತು: ಬ್ಯಾಟರಿಯಲ್ಲಿ ನಡೆಯುತ್ತದೆ, ಕೈಯಲ್ಲಿ ಹಿಡಿದು ಒಯ್ಯಬಹುದು. ನಮ್ಮ ಕಲಬುರಗಿ ಕಡೆಯ ಹಳ್ಳಿ ದವಾಖಾನೆ ನೆನೆಸಿಕೊಳ್ಳಿ. ಮೇ ತಿಂಗಳ ಉರಿಬಿಸಿಲು, ಕರೆಂಟ್ ಹೋಗಿದೆ, ತೊಗರಿ ಹೊಲದ ರೈತ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಮಲಗಿದ್ದಾನೆ. ಈ ಚಿತ್ರ ದೂರದ ದೇಶದ ಎಂಜಿನಿಯರ್ ಕಣ್ಣಿಗೆ ಸುಲಭಕ್ಕೆ ಬೀಳದು. ಇಂಥ ಕೇಂದ್ರಗಳು ಹೆಚ್ಚಾಗಿ ಬೆಂಗಳೂರು, ಹೈದರಾಬಾದಿನಲ್ಲೇ ಉಳಿದಿವೆ ಅನ್ನೋದೇ ನನ್ನ ಸಂಕಟ.